ಕೊಂಡ ಪುಸ್ತಕ ಯಾರದು?

ಪುಸ್ತಕದ ಒಳಗಿನ ಮಾತನ್ನು ಪರೀಕ್ಷಿಸುವುದು ವಿಮರ್ಶಕನ ಕೆಲಸ. ಅದನ್ನು ಮಾರುವ ಅಂಗಡಿಯ ಲೆಕ್ಕಾಚಾರ ಅವನಿಗೇಕೆ ಎಂದು ಕೇಳುವವರುಂಟು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆದರೆ ಈಚೆಗೆ ಅಂಗಡಿಯವರು ನಿತ್ಯವ್ಯವಹಾರದ ಒಂದು ಶಬ್ದದ ಅರ್ಥವನ್ನೇ ಸಡಿಲಿಸಿದ್ದಾರೆ. 'ಕೊಳ್ಳುವುದು' ಎಂಬುದೇ ಆ ಶಬ್ದ. ಶಬ್ದದ ಅರ್ಥ ಕೆಡುತ್ತಿರುವಾಗ ವಿಮರ್ಶಕ ಸುಮ್ಮನಿರುವುದು ತರವಲ್ಲ.

2007ರ ನವೆಂಬರಿನಲ್ಲಿ ಅಮೆರಿಕದ ಅಮೆಜಾನ್ ಸಂಸ್ಥೆ ಕಿಂಡಲ್ ಎಂಬ ಓದುವ ಯಂತ್ರವನ್ನು 399 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದಿತು. ಓದುಗ ಕುಳಿತಲ್ಲಿಗೇ ನಿಮಿಷದೊಳಗೆ ಪುಸ್ತಕ ಬಂದಿಳಿಯುತ್ತದೆ ಎಂಬುದು ಅದರ ಹೆಗ್ಗಳಿಕೆ. ಅಕ್ಷರಗಳನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದೆಂಬ ಒಂದೇ ಅನುಕೂಲಕ್ಕಾಗಿ ಕಣ್ಣು ಮಂಜಾದವರು ಅದನ್ನು ಹರಸಬಹುದು. ಆದ್ದರಿಂದ ಯಂತ್ರದ ಮೇಲೆ ನನಗೆ ಮುನಿಸಿಲ್ಲ.

2009ರ ಜುಲೈ ತಿಂಗಳಲ್ಲಿ ಇದರ ಇನ್ನೊಂದು ಮುಖ ಕಾಣಿಸಿತು. ಜಾರ್ಜ್ ಆರ್ವೆಲ್ಲನ 'ನೈನ್‌ಟೀನ್ ಎಯ್ಟಿಫೋರ್' ಮತ್ತು 'ಅನಿಮಲ್ ಫಾರ್ಮ್' ಕೃತಿಗಳನ್ನು ಹಣ ಕೊಟ್ಟು ಪಡೆದಿದ್ದವರ ಯಂತ್ರಗಳಿಂದ ಅವು ಮಾಯವಾದವು. ಅಮೆರಿಕದಲ್ಲಿ ಅವುಗಳ ಹಕ್ಕು ಇಲ್ಲದ ಪ್ರಕಾಶಕರೊಬ್ಬರು ಅವನ್ನು ಅಂಗಡಿಗೆ ಸೇರಿಸಿದ್ದರು. ಅದು ತಿಳಿದ ಕೂಡಲೆ ಅಮೆಜಾನ್ ದೂರದಿಂದಲೇ ಪ್ರತಿಗಳನ್ನು ಅಳಿಸಿ, ಹಣವನ್ನು ಹಿಂದಿರುಗಿಸಿತು.

ಲೋಕ ನಕ್ಕಿತು. ಆ ಕಾದಂಬರಿಯಲ್ಲಿ ಸರ್ಕಾರ ತನಗೆ ಬೇಡವಾದ ಕಾಗದಗಳನ್ನು ಒಂದು ಕಂಡಿಯೊಳಗೆ ಹಾಕಿ ಸುಡಿಸುತ್ತದೆ. ಅಂಥ ಕೃತಿಯನ್ನೇ ಅಳಿಸಿದರಲ್ಲಾ ಎಂದು ಪತ್ರಿಕೆಗಳು ಬರೆದವು. ಆ ನಗೆಯಲ್ಲಿ ಮುಖ್ಯವಾದ ಮಾತು ಮರೆಯಾಯಿತೆಂದು ನನಗೆ ತೋರುತ್ತದೆ. ಇಲ್ಲಿ ಯಾರಿಗೂ ವಿಚಾರವನ್ನು ಅಡಗಿಸುವ ಉದ್ದೇಶವಿರಲಿಲ್ಲ. ಹಣ ಹಿಂದಿರುಗಿಸಿದರೆ ಋಣ ತೀರಿತೆಂಬ ಗುಮಾಸ್ತನ ಲೆಕ್ಕ, ಅಷ್ಟೆ. ಒಬ್ಬ ವಿದ್ಯಾರ್ಥಿ ಮಾತ್ರ ಆ ಲೆಕ್ಕವನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋದ. ಪಾಠಕ್ಕಾಗಿ ಬರೆದುಕೊಂಡಿದ್ದ ಟಿಪ್ಪಣಿಗಳು, ಅವು ಸೇರಿದ್ದ ವಾಕ್ಯಗಳೇ ಇಲ್ಲವಾದ್ದರಿಂದ, ಕೆಲಸಕ್ಕೆ ಬಾರದಾದವೆಂದು ಅವನ ದೂರು. ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಬೇಡಿದರು. ಅಳಿಸುವ ಶಕ್ತಿ ಮಾತ್ರ ಸಂಸ್ಥೆಯ ಕೈಯಲ್ಲೇ ಉಳಿಯಿತು.

ಏಕೆ ಉಳಿಯಿತು? ವ್ಯಾಪಾರದ ಕಟ್ಟಡವೇ ಹಾಗಿದೆ. ಯಂತ್ರವನ್ನು ಅಸಲು ಬೆಲೆಗೇ ಮಾರುತ್ತೇವೆ, ಜನ ಅದನ್ನು ಕೊಂಡಾಗಲ್ಲ, ಬಳಸಿದಾಗ ನಮಗೆ ಲಾಭ ಎಂಬ ಅರ್ಥದಲ್ಲಿ ಬೆಜೋಸ್ 2012ರಲ್ಲಿ ಹೇಳಿದ್ದರು. ಮಾತು ಪ್ರಾಮಾಣಿಕವಾದದ್ದು. ಆದರೆ ಬಳಕೆಯಿಂದ ಲಾಭ ಬರಬೇಕಾದರೆ ಓದುಗ ಅಂಗಡಿಯ ಹೊಸಿಲು ದಾಟಬಾರದು. ಅವನ ಪುಸ್ತಕ ಬೇರೆಯವರ ಯಂತ್ರದಲ್ಲಿ ತೆರೆಯಬಾರದು. ಆದ್ದರಿಂದ ಅಲ್ಲಿ ಕೊಡುವುದು ಪುಸ್ತಕವನ್ನಲ್ಲ, ಓದುವ ಪರವಾನಗಿಯನ್ನು. ಗುಂಡಿಯ ಮೇಲೆ ಬರೆದಿರುವುದು ಮಾತ್ರ 'ಕೊಳ್ಳಿ' ಎಂದು.

ಮಾರಿದ ಮೇಲೂ ಹಿಡಿತವಿರಬೇಕೆಂಬ ಆಸೆ ಹೊಸದಲ್ಲ. ಬಾಬ್ಸ್-ಮೆರಿಲ್ ಎಂಬ ಅಮೆರಿಕದ ಪ್ರಕಾಶನ ಸಂಸ್ಥೆ 'ದಿ ಕ್ಯಾಸ್ಟ್‌ಅವೇ' ಎಂಬ ಕಾದಂಬರಿಯೊಳಗೆ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಅಚ್ಚುಹಾಕಿಸಿತ್ತು. ನ್ಯೂಯಾರ್ಕಿನ ಮೇಸಿ ಅಂಗಡಿ 89 ಸೆಂಟಿಗೆ ಮಾರಿತು. ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟದ ಮೇಲೆ ಪ್ರಕಾಶಕನ ಹಿಡಿತವಿಲ್ಲವೆಂದು 1908ರಲ್ಲಿ ತೀರ್ಪಾಯಿತು. ಹಳೆಯ ಪುಸ್ತಕದಂಗಡಿ ನಡೆಸುವುದಕ್ಕೂ ಮಿತ್ರನಿಗೆ ಪುಸ್ತಕ ದಾನ ಮಾಡುವುದಕ್ಕೂ ಆ ನ್ಯಾಯವೇ ಆಧಾರ. ಮಾರದೆ ಪರವಾನಗಿ ಮಾತ್ರ ಕೊಡುವವನು ಆ ತೀರ್ಪಿನಿಂದ ನಯವಾಗಿ ನುಣುಚಿಕೊಳ್ಳುತ್ತಾನೆ.

ನಮ್ಮ ಗಳಗನಾಥರು ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕಷ್ಟದ ವ್ಯಾಪಾರ, ಆದರೆ ಪುಸ್ತಕ ಕೈ ಬದಲಾಯಿಸಿದ ಮೇಲೆ ಅದು ಕೊಂಡವನ ಮನೆಯದು. ಅವನ ಮಗಳು ಓದಬಹುದು, ನೆರೆಮನೆಯವರು ಒಯ್ಯಬಹುದು, ಯಾರಾದರೂ ಅಂಚಿನಲ್ಲಿ ಜಗಳವಾಡಬಹುದು. ಗೆದ್ದಲು ತಿಂದರೆ, ಎರವಲು ಒಯ್ದವರು ಮರೆತರೆ, ಆ ನಷ್ಟವೂ ಅವನದೇ. ಓದಿದ್ದು ಒಬ್ಬರಿಂದೊಬ್ಬರಿಗೆ ಸಾಗಿ ಬಂದದ್ದು ಈ ದಾರಿಯಲ್ಲಿ. ನನ್ನ ಕಪಾಟಿನ ಕೆಲವು ಪುಸ್ತಕಗಳಲ್ಲಿ ನನಗಿಂತ ಮೊದಲು ಓದಿದವರ ಸೀಸದಕಡ್ಡಿಯ ಗುರುತುಗಳಿವೆ. ಕೆಲವು ಕಡೆ ಮೂಲಕ್ಕಿಂತ ಅವೇ ನನಗೆ ಹೆಚ್ಚು ಕಲಿಸಿವೆ.

ಅಂಥ ಗುರುತಿಗೂ ಈಗ ದರ ಗೊತ್ತಾಗಿದೆ. ಮೈಕ್ರೋಸಾಫ್ಟ್ ಸಂಸ್ಥೆ ತನ್ನ ವಿದ್ಯುನ್ಮಾನ ಪುಸ್ತಕದಂಗಡಿಯನ್ನು 2019ರಲ್ಲಿ ಮುಚ್ಚಿದಾಗ, ಗ್ರಾಹಕರ ಪುಸ್ತಕಗಳೆಲ್ಲ ತೆರೆಯದಾದವು. ಕೊಟ್ಟ ಬೆಲೆಯನ್ನು ಮರಳಿಸಿ, ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರ್ ಕೊಟ್ಟರು. ಉದಾರವಾದ ನಡತೆಯೆಂದೇ ಹೇಳಬೇಕು. ಆದರೂ ಆ 25 ಡಾಲರ್ ಯಾವ ಲೆಕ್ಕದ್ದು? ಒಂದು ಪುಸ್ತಕದೊಡನೆ ನಾನು ಕಳೆದ ಚಳಿಗಾಲಕ್ಕೆ ಬೆಲೆ ಕಟ್ಟುವ ಅಧಿಕಾರವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ.

ಕ್ಯಾಲಿಫೋರ್ನಿಯ ಸಂಸ್ಥಾನ 2025ರ ಜನವರಿಯಿಂದ ಒಂದು ಕಾನೂನನ್ನು ಜಾರಿಗೆ ತಂದಿದೆ: ಪರವಾನಗಿಯನ್ನಷ್ಟೇ ಕೊಡುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎನ್ನಕೂಡದು. ಮರುತಿಂಗಳೇ, ಕೊಂಡ ಪುಸ್ತಕದ ಕಡತವನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು ಅಲ್ಲಿಂದ ಕಿಂಡಲಿಗೆ ಸಾಗಿಸುವ ಸೌಕರ್ಯವನ್ನು ಅಮೆಜಾನ್ ನಿಲ್ಲಿಸಿತು. ಕಾನೂನಿನಿಂದ ಶಬ್ದ ಸ್ವಲ್ಪ ಶುದ್ಧವಾಯಿತು. ಪುಸ್ತಕ ಮನೆಗೆ ಬರಲಿಲ್ಲ.

ಬಾಡಿಗೆಗೆ ಓದುವುದರಲ್ಲಿ ಅವಮಾನವಿಲ್ಲ. ಒಂದು ಕಾಲಕ್ಕೆ ನಮ್ಮ ಪೇಟೆಗಳ ವಾಚನಾಲಯಗಳಲ್ಲಿ ದಿನಕ್ಕಿಷ್ಟು ಪೈಸೆ ತೆತ್ತು ಎಷ್ಟೋ ಮಂದಿ ಕಾದಂಬರಿ ಓದಿದ್ದಾರೆ. ಅಲ್ಲಿ ಅದನ್ನು ಬಾಡಿಗೆಯೆಂದೇ ಕರೆಯುತ್ತಿದ್ದರು, ಬಾಡಿಗೆಯನ್ನಷ್ಟೇ ಕೇಳುತ್ತಿದ್ದರು. ಹೊಸ ಅಂಗಡಿಯವರಿಂದ ನಾನು ಬಯಸುವುದೂ ಅದನ್ನೇ. ಬಾಡಿಗೆಯಾದರೆ ಬಾಡಿಗೆಯೆನ್ನಲಿ, ಬಾಡಿಗೆಯ ಬೆಲೆ ಹೇಳಲಿ. ಮಾರಾಟವಾದರೆ ಪುಸ್ತಕವನ್ನು ಕೈಗೆ ಕೊಟ್ಟು ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿ.