ರೊಟ್ಟಿಯ ಪಕ್ಕದ ವೈನು

ನಮ್ಮೂರಲ್ಲಿ ‘ವೈನ್ ಶಾಪ್’ ಎಂದು ಬೋರ್ಡು ಹಾಕಿಕೊಂಡ ಅಂಗಡಿಗಳಲ್ಲಿ ವೈನೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಸಿಗುತ್ತದೆ. ಜಗನ್ನಾಥದಾಸರ ಮಾನ್ವಿ ಇದು. ಇಲ್ಲಿ ಟೀಚರಮ್ಮನೊಬ್ಬಳು ವೈನಿನ ರುಚಿಯ ಬಗ್ಗೆ ಬರೆದರೆ ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಕುಡಿತ ಮನೆಗಳನ್ನು ಏನು ಮಾಡುತ್ತದೆಂಬುದನ್ನು ಹಾಜರಿ ಪುಸ್ತಕದಲ್ಲೇ ಓದಿದವಳು ನಾನು. ಬಟವಾಡೆಯ ಮರುದಿನ ಯಾವ ಮಕ್ಕಳು ಶಾಲೆಗೆ ಬರುವುದಿಲ್ಲವೆಂದು ನನಗೆ ಗೊತ್ತು. ಆದ್ದರಿಂದ ಕುಡಿಯಿರಿ ಎಂದು ಹೇಳುವ ಬರಹವಲ್ಲ ಇದು. ನಮ್ಮ ಸೀಮೆಯ ದ್ರಾಕ್ಷಿಯಿಂದಾದ ವೈನಿಗೆ ನಮ್ಮ ಊಟದ ಪರಿಚಯವೇ ಇಲ್ಲವಲ್ಲ ಎಂಬುದು ನನ್ನ ತಕರಾರು.

ಕರ್ನಾಟಕದ ವೈನೆಂದರೆ ಬಹಳ ದಿನ ನಂದಿಬೆಟ್ಟದ ಬುಡದ ಗ್ರೋವರ್ ಅವರದೇ ಹೆಸರು. 1988ರಲ್ಲಿ ಆರಂಭವಾದದ್ದು ಅದು. 2007ರಲ್ಲಿ ಸರ್ಕಾರದ ವೈನ್ ನೀತಿ ಬಂದ ಮೇಲೆ ನಮ್ಮ ಕಡೆಯೂ ಹೆಸರಾಯಿತು. ಹಂಪಿಯ ಗುಡ್ಡಗಳ ಸೀಮೆಯಲ್ಲಿ, ಕೊಪ್ಪಳ ಜಿಲ್ಲೆಯಲ್ಲಿ, ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಗಳ ತೋಟವಿದೆ. ಇಬ್ಬರ ಹೆಸರೂ ಬೆರೆತು ‘ಕೃಷ್ಮಾ’. 1997ರವರೆಗೆ ಕೊಪ್ಪಳ ರಾಯಚೂರು ಜಿಲ್ಲೆಯಲ್ಲೇ ಇದ್ದುದರಿಂದ ನಾನು ಅದನ್ನು ನಮ್ಮದೆಂದೇ ಎಣಿಸುತ್ತೇನೆ.

ಮಗ ಬೆಂಗಳೂರಿನಿಂದ ಬರುವಾಗ ಅವರ ಕೆಂಪು ಕ್ಯಾಬರ್ನೆ ಸೊವಿನ್ಯೋ, ಬಿಳಿ ಸೊವಿನ್ಯೋ ಬ್ಲಾಂ ಎರಡನ್ನೂ ತಂದಿದ್ದ. ವೈನಿನ ಜೊತೆ ಏನು ತಿನ್ನಬೇಕೆಂದು ಹೇಳುವ ಪುಸ್ತಕಗಳು ಚೀಸು, ಪಾಸ್ತಾ, ಸುಟ್ಟ ಮಾಂಸ ಎನ್ನುತ್ತವೆ. ಕೊನೆಗೆ ‘ಭಾರತೀಯ ಮಸಾಲೆ ಅಡುಗೆ’ ಎಂದು ಒಂದು ಸಾಲು ಹಾಕಿ ಕೈತೊಳೆದುಕೊಳ್ಳುತ್ತವೆ. ಪುಂಡಿಪಲ್ಯವೂ ಸಾರೂ ಹೋಳಿಗೆಯೂ ಆ ಒಂದೇ ಸಾಲಿನಲ್ಲಿ ಅಡಗಬೇಕು!

ನಾವು ರೊಟ್ಟಿಯಿಂದಲೇ ಶುರುಮಾಡಿದೆವು. ಕೆಂಪು ವೈನಿನಲ್ಲಿ ಒಗರು ಮುಖ್ಯ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಎಂಬ ಅಂಶ ಬಾಯಿಯ ಜೊಲ್ಲನ್ನು ಹಿಡಿದು ನಾಲಿಗೆಯನ್ನು ಒಣಗಿಸುತ್ತದೆ, ನೇರಳೆಹಣ್ಣು ತಿಂದ ಹಾಗೆ. ಇದಕ್ಕೆ ಎಣ್ಣೆಗಾಯಿ ಒಳ್ಳೆಯ ಜೋಡಿ. ಬದನೆಕಾಯಿಯೊಳಗಿನ ಶೇಂಗಾ, ಎಳ್ಳು, ಮೇಲೆ ತೇಲುವ ಎಣ್ಣೆ ಆ ಒಗರಿನ ಮೊನೆಯನ್ನು ಮೊಂಡು ಮಾಡುತ್ತವೆ. ಆದರೆ ಖಾರವನ್ನು ಅರ್ಧಕ್ಕೆ ಇಳಿಸಬೇಕು. ನಮ್ಮ ಅಳತೆಯ ಖಾರ ಹಾಕಿದರೆ ವೈನಿನ ಮದ್ಯಸಾರ ಉರಿಯನ್ನು ಇನ್ನಷ್ಟು ಕೆದಕುತ್ತದೆ, ಹಣ್ಣಿನ ವಾಸನೆ ಎಲ್ಲಿಗೋ ಹೋಗಿ ಬರೀ ಕಹಿ ಉಳಿಯುತ್ತದೆ. ಕೆಂಪು ಖಾರ ಹಚ್ಚಿದ ರೊಟ್ಟಿಯ ಮುಂದೆ ಅಷ್ಟು ಬೆಲೆಯ ಬಾಟಲಿಯನ್ನು ತೆರೆಯುವುದು ದಂಡ.

ನನಗೆ ಮೆಚ್ಚಿಗೆಯಾದದ್ದು ಬಿಳಿಯದು. ಹುಳಿ ಊಟದ ಮುಂದೆ ಹುಳಿಯಿಲ್ಲದ ವೈನು ನೀರಾಗಿಬಿಡುತ್ತದೆ. ಸೊವಿನ್ಯೋ ಬ್ಲಾಂಗೆ ಹುಳಿ ಸಾಕಷ್ಟಿದೆ, ಹಸಿ ಸೊಪ್ಪಿನ ಘಮವೂ ಇದೆ. ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಪುಂಡಿಪಲ್ಯದ ಜೊತೆ ಅದು ತವರಿಗೆ ಬಂದ ಮಗಳಂತೆ ಕುಳಿತಿತು. ಮಂಡಾಳು ಒಗ್ಗರಣಿಗೂ ಅಡ್ಡಿಯಿಲ್ಲ. ಪಕ್ಕದ ಮಿರ್ಚಿಗೆ ಮಾತ್ರ ಯಾವ ದೇಶದ ವೈನೂ ಬೇಡ, ಮಜ್ಜಿಗೆಯೇ ಸರಿ. ಹೋಳಿಗೆಯ ಜೊತೆಗೂ ಎರಡೂ ಸೋತವು: ತಿನಿಸು ವೈನಿಗಿಂತ ಸಿಹಿಯಾದರೆ ವೈನು ಹುಳಿಹುಳಿಯಾಗಿ ತೋರುತ್ತದೆ.

ಇನ್ನೊಂದು ಮಾತು. ಕೆಂಪು ವೈನನ್ನು ‘ಕೋಣೆಯ ಉಷ್ಣತೆಯಲ್ಲಿ’ ಕೊಡಿ ಎಂದು ಬರೆಯುತ್ತಾರೆ. ಅವರ ಕೋಣೆ 16ರಿಂದ 18 ಡಿಗ್ರಿಯದು. ಏಪ್ರಿಲ್ ತಿಂಗಳಲ್ಲಿ ನಮ್ಮ ಪಡಸಾಲೆ ಹಾಗಿರುವುದಿಲ್ಲ, ಹೊರಗೆ 40 ದಾಟಿರುತ್ತದೆ. ಮುಕ್ಕಾಲು ತಾಸು ಫ್ರಿಜ್ಜಿನಲ್ಲಿಡಿ. ಕರೆಂಟು ಹೋದ ದಿನ ಒದ್ದೆ ಬಟ್ಟೆ ಸುತ್ತಿ ನೀರಿನ ಹರವಿಯ ಪಕ್ಕದಲ್ಲಿಟ್ಟರೂ ಸ್ವಲ್ಪ ತಣಿಯುತ್ತದೆ.