ಕಾಯುವ ಕೆಲಸ

ಪುಸ್ತಕಕ್ಕೆ ವಿಮರ್ಶೆಯುಂಟು, ನಾಟಕಕ್ಕುಂಟು, ಸಿನಿಮಾಕ್ಕುಂಟು. ಕಾರಿಗೆ ಮಾತ್ರ ಜಾಹೀರಾತು. ಪತ್ರಿಕೆಗಳಲ್ಲಿ ಬರುವ ಪರೀಕ್ಷೆಗಳೂ ಎಷ್ಟು ಸೆಕೆಂಡಿಗೆ ನೂರರ ವೇಗ ಮುಟ್ಟಿತು, ಡಿಕ್ಕಿಯಲ್ಲಿ ಎಷ್ಟು ಪೆಟ್ಟಿಗೆ ಹಿಡಿಯಿತು ಎಂಬಲ್ಲಿಗೆ ಮುಗಿಯುತ್ತವೆ. ಓಡಿಸಿದ ಹೆಣ್ಣುಮಗಳಿಗೆ ಅದರಿಂದ ಕೆಲಸ ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕರೆಂಟಿನ ಮೇಲೆ ಓಡುವ, ಓಡಿಸುವವರಿಗೆ ತಾನೂ ಸಹಾಯ ಮಾಡುತ್ತೇನೆನ್ನುವ ಕಾರಿನಲ್ಲಿ ಬೆಂಗಳೂರಿನಿಂದ ಕಲಬುರಗಿಗೆ, ಅಲ್ಲಿಂದ ಕಮಲಾಪುರಕ್ಕೆ ಹೋಗಿಬಂದ ಮೇಲೆ ಆ ಪ್ರಶ್ನೆಯನ್ನು ನಾನೇ ಕೇಳಿಕೊಂಡಿದ್ದೇನೆ.

ಕಾರು ನನ್ನ ಅಣ್ಣನ ಮಗಳದು. ಆರುನೂರು ಕಿಲೋಮೀಟರಿಗೂ ಮೀರಿದ ದಾರಿ. ಸರದಿಯ ಮೇಲೆ ಇಬ್ಬರೂ ಓಡಿಸಿದೆವು.

ಮೊದಲು ಕರೆಂಟಿನ ಮಾತು. ಈ ಲೆಕ್ಕ ಗೃಹಿಣಿಗೆ ಕಷ್ಟವಲ್ಲ. ಜೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್ಟು. ನಮ್ಮ ಕಾರಿನ ಬ್ಯಾಟರಿ 40 ಯೂನಿಟ್ಟಿನದು, ಯೂನಿಟ್ಟಿಗೆ ಆರೇಳು ಕಿಲೋಮೀಟರು. ಮನೆಯ ದೊಡ್ಡ ಪ್ಲಗ್ಗಿಗೆ ಹಾಕಿದರೆ ಒಂದು ರಾತ್ರಿ ಬೇಕು. ದಾರಿಯ ದೊಡ್ಡ ಯಂತ್ರಕ್ಕೆ ಹಾಕಿದರೆ ಎಂಬತ್ತು ಪಾಲು ತುಂಬಲು ಗಂಟೆಯ ಆಸುಪಾಸು. ಉಳಿದ ಇಪ್ಪತ್ತು ಪಾಲನ್ನು ಬ್ಯಾಟರಿ ಬಿಸಿಯಾಗದಂತೆ ನಿಧಾನವಾಗಿ ತುಂಬಬೇಕು, ಕೊಡ ತುಂಬುತ್ತ ಬಂದಾಗ ನಾವು ನಲ್ಲಿ ಸಣ್ಣ ಮಾಡುವ ಹಾಗೆ. ಬೆಂಗಳೂರಿನ ಮೈನಿಯವರ ಕಂಪನಿ 2001ರಲ್ಲಿ ಮಾರಾಟಕ್ಕೆ ತಂದ ಪುಟ್ಟ ರೇವಾ ಒಂದು ಸಲ ತುಂಬಿದರೆ 80 ಕಿಲೋಮೀಟರು ಓಡುತ್ತಿತ್ತು. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಅದರ ಉಸಿರು ಮುಗಿಯುತ್ತಿತ್ತು. ಅಲ್ಲಿಂದ ಇಲ್ಲಿಗೆ ನಾವು ಬಹಳ ದೂರ ಬಂದಿದ್ದೇವೆ, ಸುಳ್ಳಲ್ಲ.

ಆದರೆ ಚಾರ್ಜಿಗೆ ಹಚ್ಚಿ ಕಾಯುವ ಆ ಒಂದು ಗಂಟೆಯ ವಿಷಯ ಜಾಹೀರಾತಿನಲ್ಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ ನಿಲ್ಲುವವಳಿಗೆ ದೀಪ, ಶೌಚಾಲಯ, ಜನ ಇದ್ದರಾಯಿತು, ಇಲ್ಲದಿದ್ದರೂ ನಡೆಯಿತು. ಒಂದು ಗಂಟೆ ಕೂರುವವಳಿಗೆ ಅವು ಇಲ್ಲದೆ ನಡೆಯದು. ನಾವು ನಿಂತ ಒಂದು ಕಡೆ ಯಂತ್ರ ಹೊಚ್ಚ ಹೊಸದು, ಶೌಚಾಲಯಕ್ಕೆ ಬೀಗ, ಕತ್ತಲಾದ ಮೇಲೆ ನಮ್ಮಿಬ್ಬರ ಹೊರತು ನರಪಿಳ್ಳೆಯಿಲ್ಲ. ಯಂತ್ರ ಎಷ್ಟು ಕಿಲೋವ್ಯಾಟಿನದೆಂದು ಫಲಕದ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು.

ಇನ್ನು ಸಹಾಯದ ಮಾತು. ಮುಂದಿನ ಗಾಜಿನ ಹಿಂದೆ ಒಂದು ಕ್ಯಾಮೆರಾ, ಮೂತಿಯಲ್ಲಿ ಒಂದು ರೇಡಾರ್. ಕ್ಯಾಮೆರಾ ರಸ್ತೆಯ ಬಿಳಿಗೆರೆ ನೋಡಿ ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪ ತಿದ್ದುತ್ತದೆ. ರೇಡಾರ್ ಮುಂದಿನ ವಾಹನದ ಅಂತರ ಅಳೆದು ವೇಗ ಏರಿಸಿ ಇಳಿಸುತ್ತದೆ. ಹೊಸಪೇಟೆಯಿಂದ ಕುಷ್ಟಗಿಯತ್ತ ಹೋಗುವ ನಾಲ್ಕು ಪಥದ ಹೆದ್ದಾರಿಯಲ್ಲಿ ಇದರ ಸೊಗಸು ಕಂಡೆ. ಮಂಡಿನೋವಿನ ನನ್ನ ಕಾಲಿಗೆ ವಿಶ್ರಾಂತಿ ಸಿಕ್ಕಿತು. ಊಟದ ಮೇಲೆ ಹುಡುಗಿಗೆ ತೂಕಡಿಕೆ ಬಂದು ಗೆರೆ ದಾಟಿದಾಗ ಸ್ಟಿಯರಿಂಗ್ ನಡುಗಿ ಎಚ್ಚರಿಸಿತು. ಈ ಉಪಕಾರವನ್ನು ನಾನು ಮರೆಯಲಾರೆ.

ಅದೇ 50ನೇ ರಾಷ್ಟ್ರೀಯ ಹೆದ್ದಾರಿಯೇ ವಿಜಯಪುರ, ಜೇವರ್ಗಿ ದಾಟಿ ಕಲಬುರಗಿಗೆ, ಮುಂದೆ ಕಮಲಾಪುರ, ಹುಮನಾಬಾದಿಗೆ ಹೋಗುತ್ತದೆ. ಹೆದ್ದಾರಿಯ ಹೆಸರು ಒಂದೇ, ಬದುಕು ಬೇರೆ. ತೊಗರಿ ರಾಶಿಯ ಕಾಲ. ಕಲಬುರಗಿ ಬಿಟ್ಟ ಮೇಲೆ ಒಂದು ಕಡೆ ರಸ್ತೆಯ ಅಂಚಿಗೆ ತೊಗರಿ ಕಟ್ಟಿಗೆ ಹರವಿದ್ದರು. ಬಿಳಿಗೆರೆ ಅದರಡಿಯಲ್ಲಿ ಮಾಯ. ಕಾರು ಒಂದು ಸಣ್ಣ ದೀಪ ಆರಿಸಿ ಸ್ಟಿಯರಿಂಗನ್ನು ಸುಮ್ಮನೆ ನನ್ನ ಕೈಗೆ ಬಿಟ್ಟಿತು. ಮುಂದೆ ಹಿಂದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರು. ಇಂಥ ಎಷ್ಟೋ ವ್ಯವಸ್ಥೆಗಳು ಚಲಿಸುವ ವಾಹನವನ್ನು ಗುರುತಿಸುವಷ್ಟು ಚೆನ್ನಾಗಿ ನಿಂತದ್ದನ್ನು ಗುರುತಿಸಲಾರವು ಎಂದು ಕೈಪಿಡಿಗಳಲ್ಲೇ ಬರೆದಿರುತ್ತದೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಬಸ್ಸಿನ ಮರೆಯಿಂದ ರಸ್ತೆಗಿಳಿದಾಗ ನನ್ನ ಕಾಲು ಬ್ರೇಕಿನ ಮೇಲಿತ್ತು. ಕಾರು ತಾನಾಗಿ ನಿಲ್ಲುತ್ತಿತ್ತೋ ಇಲ್ಲವೋ, ಪರೀಕ್ಷಿಸಿ ನೋಡುವ ವಿಷಯವಲ್ಲ ಅದು.

“ಕೈ ಸಡಿಲ ಬಿಡಬ್ಯಾಡ್ರಿ ಅತ್ತಿ, ಒದರ್ತದ ಅದು” ಎನ್ನುತ್ತಿದ್ದಳು ಹುಡುಗಿ. “ಎಲ್ಲಾ ನಾನೇ ನೋಡಬೇಕಂದ್ರ ಅದೇನು ನೋಡ್ತದ?” ಎಂದೆ. ನಕ್ಕಳು. ನನ್ನ ಮಟ್ಟಿಗೆ ಅದು ನಗೆಯ ಮಾತಾಗಿರಲಿಲ್ಲ.

ಅಡುಗೆಮನೆಯಲ್ಲಿ ಸಹಾಯಕ್ಕೆ ಬರುವ ಗಂಡಸರನ್ನು ನೆನೆಸಿಕೊಳ್ಳಿ. ಒಲೆ ಹೊತ್ತಿಸುತ್ತಾರೆ, ಸೌಟು ಹಿಡಿಯುತ್ತಾರೆ. ಉಪ್ಪೆಲ್ಲಿದೆ, ಸಾಸಿವೆ ಎಷ್ಟು, ಹಾಲು ಉಕ್ಕಿತಲ್ಲ! ಅಡುಗೆ ಮಾಡುವ ಕೆಲಸದ ಜೊತೆಗೆ ಸಹಾಯಕರನ್ನು ಕಾಯುವ ಕೆಲಸವೂ ನಮ್ಮ ಪಾಲಿಗೆ. ಸಾರು ಚೆನ್ನಾದರೆ ಅವರು ಮಾಡಿದ್ದು, ಹೊತ್ತಿದರೆ ನಾವು ನೋಡಿಕೊಳ್ಳಲಿಲ್ಲ.

ಯಂತ್ರಗಳ ಬಗ್ಗೆ ಇದನ್ನು ಶಾಸ್ತ್ರೀಯವಾಗಿ ಹೇಳಿದವಳೂ ಒಬ್ಬ ಹೆಂಗಸೇ. ಲಂಡನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲಿ ಬರೆದ ಪ್ರಬಂಧದ ಸಾರ ಇಷ್ಟು: ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟರೆ ಮನುಷ್ಯನಿಗೆ ಉಳಿಯುವುದು ಸುಮ್ಮನೆ ಕಾಯುವ ಕೆಲಸ, ಯಂತ್ರ ಕೈಬಿಟ್ಟ ಗಳಿಗೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ, ಅದೂ ಅಭ್ಯಾಸ ತಪ್ಪಿದ ಕೈಯಲ್ಲಿ. ಸುಮ್ಮನೆ ಕಾಯುವುದು ಮನುಷ್ಯನಿಂದ ಹೆಚ್ಚು ಹೊತ್ತು ಆಗದು. ರೇಡಾರ್ ಕಾಯುವವರ ಎಚ್ಚರ ಅರ್ಧ ಗಂಟೆಯೊಳಗೇ ಇಳಿಯುತ್ತದೆಂದು ಇಂಗ್ಲೆಂಡಿನ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲೇ ತೋರಿಸಿದ್ದ.

ಅದರ ಬೆಲೆ ಏನೆಂಬುದಕ್ಕೆ ಅಮೆರಿಕದ ಅರಿಜೋನಾದಲ್ಲಿ ನಡೆದ ಒಂದು ಪ್ರಕರಣವಿದೆ. 2018ರ ಮಾರ್ಚ್ 18ರ ರಾತ್ರಿ ಊಬರ್ ಕಂಪನಿಯ ಪರೀಕ್ಷಾ ಕಾರೊಂದು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ 49 ವರ್ಷದ ಹೆಂಗಸಿಗೆ ಬಡಿದು ಆಕೆ ಸತ್ತಳು. ಅದು ನಮ್ಮ ಕಾರಿನಂತೆ ಸಹಾಯದ ಕಾರಲ್ಲ, ತಾನೇ ಓಡಲು ಕಲಿಯುತ್ತಿದ್ದ ಕಾರು. ಬಡಿಯುವುದಕ್ಕೆ 5.6 ಸೆಕೆಂಡು ಮೊದಲೇ ಆಕೆಯನ್ನು ಕಂಡಿತ್ತು. ವಾಹನವೋ, ಬೇರೇನೋ, ಸೈಕಲ್ಲೋ ಎಂದು ಮನಸ್ಸು ಬದಲಿಸುತ್ತಲೇ ಇತ್ತು. ದಾಟುಪಟ್ಟಿ ಇಲ್ಲದ ಕಡೆಯೂ ಮನುಷ್ಯರು ದಾಟಬಹುದೆಂಬ ಲೆಕ್ಕವೇ ಅದರಲ್ಲಿರಲಿಲ್ಲವೆಂದು ತನಿಖೆಯಲ್ಲಿ ಹೊರಬಿತ್ತು. ಕಮಲಾಪುರದ ಮುದುಕಿ ದಾಟುಪಟ್ಟಿಯನ್ನು ಎಲ್ಲಿ ಹುಡುಕಬೇಕು? ಕಾರನ್ನು ಕಾಯಲು ಕೂರಿಸಿದ್ದವಳೂ ಹೆಂಗಸೇ. ಆಕೆ ಫೋನು ನೋಡುತ್ತಿದ್ದಳೆಂದು ತನಿಖೆ ಹೇಳಿತು. ಅದು ಸಣ್ಣ ತಪ್ಪಲ್ಲ. ಆದರೆ ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವುದಿಲ್ಲವೆಂದು 2019ರಲ್ಲಿ ಸರ್ಕಾರಿ ವಕೀಲರು ತೀರ್ಮಾನಿಸಿದರು. 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ ಶಿಕ್ಷೆ ಪಡೆದವಳು ಆ ಹೆಂಗಸು ಒಬ್ಬಳೇ.

ಅಮೆರಿಕದ ವಾಹನ ಎಂಜಿನಿಯರುಗಳ ಸಂಘ 2014ರಲ್ಲಿ ಈ ಕಾರುಗಳಿಗೆ ಸೊನ್ನೆಯಿಂದ ಐದರವರೆಗೆ ಮೆಟ್ಟಿಲು ಹಾಕಿತು. 2023ರಲ್ಲಿ ಇದನ್ನು ಪಡೆದ ಎಂಜಿ ಜಡ್‌ಎಸ್ ಇವಿ, 2024ರಲ್ಲಿ ಬಂದ ಟಾಟಾ ಕರ್ವ್ ಇವಿ ಮೊದಲಾದವು ನಿಂತಿರುವುದು ಎರಡನೆಯ ಮೆಟ್ಟಿಲಲ್ಲಿ. ಆ ಮೆಟ್ಟಿಲಿನ ಅರ್ಥ ಒಂದೇ: ಕಾರು ಏನೇ ಮಾಡಲಿ, ಹೊಣೆ ಸ್ಟಿಯರಿಂಗ್ ಹಿಂದೆ ಕೂತವರದು. ಅಂಗಡಿಯಲ್ಲಿ ಎರಡು ಎಂಬ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತಾರೆ, ಅರ್ಥ ಹೇಳುವುದಿಲ್ಲ. ಅರ್ಥವಿರುವುದು ಇಂಗ್ಲಿಷ್ ಕೈಪಿಡಿಯ ಸಣ್ಣಕ್ಷರದಲ್ಲಿ.

ಹಾಗಾದರೆ ಕೊಳ್ಳಬಾರದೇ? ಹಾಗೆನ್ನಲಾರೆ. ಹೊಗೆಯಿಲ್ಲ, ಸದ್ದಿಲ್ಲ, ಗೇರಿನ ಜಗ್ಗಾಟವಿಲ್ಲ. ಒಳ್ಳೆಯ ರಸ್ತೆಯಲ್ಲಿ ಒಳ್ಳೆಯ ಜೊತೆ. ಆದರೆ ನೋಡಲು ಹೋದವರು ಬಣ್ಣ ಕೇಳುವ ಮೊದಲು ಮೂರು ಮಾತು ಕೇಳಿ. ಗೆರೆ ಕಾಣದಾಗ ಇದು ಏನು ಮಾಡುತ್ತದೆ? ನಿಂತ ಟ್ರ್ಯಾಕ್ಟರು ಇದಕ್ಕೆ ಕಾಣುತ್ತದೆಯೇ? ಸಹಾಯ ನಿಂತುಹೋದರೆ ನನಗೆ ಹೇಗೆ ಗೊತ್ತಾಗುತ್ತದೆ? ಉತ್ತರವನ್ನು ಕನ್ನಡದಲ್ಲೇ ಕೇಳಿ. ಪರೀಕ್ಷೆಗೆ ಕಾರನ್ನು ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿಸಿ ಕಳಿಸಿದರೆ ಒಪ್ಪಬೇಡಿ. ಸಂತೆಯ ದಿನ ನಿಮ್ಮೂರ ರಸ್ತೆಗೆ ಕರೆದುಕೊಂಡು ಹೋಗಿ, ಮಾರುವವನನ್ನು ಪಕ್ಕದಲ್ಲಿ ಕೂರಿಸಿಕೊಂಡು.