ಬೆಳಕು ಕಡಿಮೆಯಾದಾಗ ಪಟದಿಂದ ಕಾಣೆಯಾಗುವವರು

ತುಮಕೂರಿನ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಒಂದು ಸಂಜೆ ಮಳೆ ನಿಂತ ಮೇಲೆ ಮೊಬೈಲಿನ ನೈಟ್ ಮೋಡಿನಲ್ಲಿ ಒಂದು ಫೋಟೊ ತೆಗೆದೆ. ಒದ್ದೆ ರಸ್ತೆಯ ಮೇಲೆ ದೀಪಗಳ ಪ್ರತಿಬಿಂಬ, ಹಿಂದೆ ಅಂಗಡಿಗಳ ಬೋರ್ಡು. ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಹೂ ಕಟ್ಟುತ್ತಿದ್ದ ಅಜ್ಜಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಕಣ್ಣು ಕಿರಿದಾಗಿಸಿ ನೋಡಿ, "ನಾನೆಲ್ಲಿದ್ದೀನಪ್ಪಾ ಇದ್ರಲ್ಲಿ? ಬೋರ್ಡೇ ಚೆಂದಾಗಿ ಕಾಣ್ತೈತೆ" ಎಂದರು. ನಿಜ. ಬೋರ್ಡಿನ ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಅಜ್ಜಿ ಇದ್ದ ಜಾಗದಲ್ಲಿ ಒಂದು ಮಸುಕು ಕಲೆಯಿತ್ತು.

ಇದಕ್ಕೆ ಕಾರಣ ಸರಳ. ನೈಟ್ ಮೋಡ್ ಒಂದು ಕ್ಷಣವನ್ನು ಹಿಡಿಯುವುದಿಲ್ಲ. ಹಲವು ಫ್ರೇಮುಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಅಲುಗಾಡದ್ದು ಸ್ಪಷ್ಟವಾಗುತ್ತದೆ, ಅಲುಗಾಡುವುದು ಕರಗುತ್ತದೆ. ಕೈ ಬಿಡುವಿಲ್ಲದೆ ಆಡುತ್ತಿದ್ದರೆ ಮಾತ್ರ ಹೊಟ್ಟೆ ತುಂಬುವವರೇ ಹೀಗೆ ಮೊದಲು ಕಾಣೆಯಾಗುತ್ತಾರೆ.

ಇದು ಹೊಸ ಕಥೆಯೇನಲ್ಲ. 1838ರಲ್ಲಿ ದಾಗೆರ್ ಪ್ಯಾರಿಸ್ಸಿನ ಬುಲೆವಾರ್ ದ್ಯು ತಾಂಪ್ಲ್ ಬೀದಿಯನ್ನು ಚಿತ್ರಿಸಿದ. ಗಿಜಿಗುಡುವ ಬೀದಿ ಆ ಪಟದಲ್ಲಿ ಬಿಕೋ ಎನ್ನುತ್ತದೆ. ಎಕ್ಸ್‌ಪೋಷರ್ ಹಲವು ನಿಮಿಷ ಹಿಡಿದಿದ್ದರಿಂದ ನಡೆಯುವವರು, ಗಾಡಿಗಳು ಯಾವುದೂ ದಾಖಲಾಗಲಿಲ್ಲ. ಉಳಿದದ್ದು ಮುಖ್ಯವಾಗಿ ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬ. ಪಾಲಿಶ್ ಮಾಡುತ್ತಿದ್ದವನ ಆಕಾರ ಅಸ್ಪಷ್ಟ. ಸೇವೆ ಪಡೆದವನು ಚರಿತ್ರೆಗೆ ಸೇರಿದ, ದುಡಿದವನು ಅರ್ಧ ಅಳಿಸಿಹೋದ. ದಾಗೆರನಿಗೆ ಬೇರೆ ದಾರಿ ಇರಲಿಲ್ಲ, ನಮಗೆ ಇದೆ.

ಈಗ ನಮ್ಮ ಕಡೆ ಮಳೆ ಬಿತ್ತೆಂದರೆ ಫೋಟೊಗಳ ಸುಗ್ಗಿ. ಬಿ.ಎಚ್. ರಸ್ತೆಯ ಕೆಂಪು ಬ್ರೇಕ್‌ಲೈಟು, ಬಸ್ಸಿನ ಕಿಟಕಿಯ ಹನಿ, ಮಂಜಿನಲ್ಲಿ ದೇವರಾಯನದುರ್ಗ. ಇವು ಕೆಟ್ಟ ಚಿತ್ರಗಳಲ್ಲ. ಆದರೆ ಊರಿನ ಹೆಸರು ಬದಲಿಸಿದರೂ ನಡೆಯುವಂಥವು. ಮಳೆಯನ್ನು ಅಲಂಕಾರವಾಗಿ ನೋಡುವ ಕಣ್ಣು ಮಳೆಯಲ್ಲಿ ಸಿಕ್ಕಿಕೊಂಡವರನ್ನು ನೋಡುವುದಿಲ್ಲ ಎಂಬುದು ನನ್ನ ತಕರಾರು. ಮೇಲಿನ ನನ್ನ ಫೋಟೊಗೂ ಅದು ಅನ್ವಯಿಸುತ್ತದೆ.

ಹಾಗಾದರೆ ಮಳೆಯನ್ನು ಹೂಡಿ ತೋರಿಸುವುದು ತಪ್ಪೇ? ನ್ಯೂಜಿಲೆಂಡಿನ ಬ್ರಿಯನ್ ಬ್ರೇಕ್ 1960ರಲ್ಲಿ ಭಾರತದ ಮುಂಗಾರನ್ನು ಚಿತ್ರಿಸಿದ. ಆ ಸರಣಿಯ ಪ್ರಸಿದ್ಧ ಚಿತ್ರದಲ್ಲಿ ಹನಿಗಳಿಗೆ ಮುಖವೊಡ್ಡಿದ ಹುಡುಗಿ ಮುಂದೆ ಅಪರ್ಣಾ ಸೇನ್ ಎಂದು ಹೆಸರಾದ ಕಲಾವಿದೆ. ಆ ಮಳೆ ಆಕಾಶದಿಂದ ಬಿದ್ದದ್ದಲ್ಲ, ನೀರು ಹಾಕುವ ಕ್ಯಾನಿನಿಂದ ಸುರಿದದ್ದು. ಗುಬ್ಬಿಯ ದಾರಿಯಲ್ಲಿ ಹೋಗುವಾಗಲೆಲ್ಲ ಇದು ನೆನಪಾಗುತ್ತದೆ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕಾಗಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅಲ್ಲಿ ಯಾರೂ ಮೋಸಹೋಗಲಿಲ್ಲ. ಟಿಕೆಟ್ ಕೊಂಡವನಿಗೆ ಅದು ನಾಟಕವೆಂದು ಗೊತ್ತಿತ್ತು. ಪತ್ರಿಕೆಯಲ್ಲಿ ಮುಂಗಾರಿನ ದಾಖಲೆಯೆಂದು ಬ್ರೇಕ್‌ನ ಚಿತ್ರ ನೋಡಿದವನಿಗೆ ಅಂಥ ಟಿಕೆಟ್ ಸಿಕ್ಕಿರಲಿಲ್ಲ. ಚಿತ್ರ ಈಗಲೂ ಸುಂದರವೇ. ಆದರೆ ಅದು ಮಳೆಯ ಸಾಕ್ಷಿಯಲ್ಲ, ಮಳೆಯ ಆಸೆ.

ಸಾಕ್ಷಿಗೆ ನಾನು ಮತ್ತೆ ಮತ್ತೆ ಹೋಗುವುದು ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳ ಬಳಿಗೆ. ಅವರಲ್ಲಿ ಬೆಳಕು ಎಂದೂ ತಾನೇ ನಾಯಕನಾಗುವುದಿಲ್ಲ. ಅದು ಸಾಮಾನ್ಯ ಜನರ ಕೆಲಸ, ಆಟ, ಬೇಸರಗಳ ಮೇಲೆ ಬಿದ್ದು ಸುಮ್ಮನಾಗುತ್ತದೆ. ಚಿತ್ರ ನೋಡಿ ಮುಗಿಸಿದ ಮೇಲೆ ನೆನಪುಳಿಯುವುದು ಬೆಳಕಲ್ಲ, ಮನುಷ್ಯರು.

ಕುಣಿಗಲ್ ಕೆರೆ ನನಗೆ ಇನ್ನೊಂದು ಪಾಠ ಕಲಿಸಿತು. ಆ ಕೆರೆಯ ಚೆಲುವನ್ನೂ ಚಂದ್ರೋದಯವನ್ನೂ ಹಾಡುವ ಜನಪದ ಗೀತೆ ಎಲ್ಲರಿಗೂ ಗೊತ್ತು. ಚಳಿಗಾಲದ ಬೆಳಗ್ಗೆ ಏರಿಯ ಮೇಲೆ ನಿಂತು ಮಂಜನ್ನು ತೆಗೆದರೆ ಫೋಟೊ ಕೊಳೆ ಬಟ್ಟೆಯಂತೆ ಬೂದು ಬಣ್ಣಕ್ಕೆ ತಿರುಗಿತ್ತು. ಕ್ಯಾಮೆರಾದ ಮೀಟರಿಗೆ ಜಗತ್ತೆಲ್ಲ ಸರಾಸರಿ ಬೂದು. ಬಿಳಿಯನ್ನು ಕಂಡರೆ ಕಪ್ಪಾಗಿಸುತ್ತದೆ, ಕತ್ತಲನ್ನು ಕಂಡರೆ ಬೆಳಗಿಸುತ್ತದೆ. ಮಂಜು ಮಂಜಾಗಿಯೇ ಕಾಣಬೇಕಾದರೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್‌ನಷ್ಟಾದರೂ ನಾವೇ ಏರಿಸಬೇಕು, ರಾತ್ರಿ ರಾತ್ರಿಯಾಗಿರಬೇಕಾದರೆ ಇಳಿಸಬೇಕು. ಎಲ್ಲವನ್ನೂ ಸರಾಸರಿಗೆ ಎಳೆಯುವ ಯಂತ್ರದ ಮಾತನ್ನು ಎಲ್ಲಿ ಮೀರಬೇಕು ಎಂಬ ತೀರ್ಮಾನದಲ್ಲೇ ಛಾಯಾಗ್ರಾಹಕನ ವಿಮರ್ಶೆ ಶುರುವಾಗುತ್ತದೆ. ಕಷ್ಟದ ಬೆಳಕಿನಲ್ಲಿ ಎಲ್ಲವನ್ನೂ ಉಳಿಸಲಾಗುವುದಿಲ್ಲ. ಯಾರನ್ನು ಉಳಿಸುತ್ತೇವೆ ಎಂಬುದೇ ಪ್ರಶ್ನೆ.

ಮುಂದಿನ ವಾರ ಮತ್ತೆ ಮಳೆ. ಗೆಳೆಯನ ಕ್ಯಾಮೆರಾ ಹಿಡಿದು ಹೋದೆ. ಅಜ್ಜಿಯ ತಲೆಯ ಮೇಲಿನ ಬಲ್ಬಿನ ಬೆಳಕಿಗೆ, ಅವರ ಮುಖಕ್ಕೆ ಎಕ್ಸ್‌ಪೋಷರ್ ಹೊಂದಿಸಿ, ರಸ್ತೆಯನ್ನೂ ಬೋರ್ಡುಗಳನ್ನೂ ಕತ್ತಲಿಗೆ ಬಿಟ್ಟೆ. ಶಟರ್ ಚುರುಕಾಗಿಟ್ಟಿದ್ದರಿಂದ ಚಿತ್ರ ತರಿತರಿಯಾಯಿತು. ಆದರೆ ಮುಖ ಬಂತು, ಬೆರಳುಗಳೂ ಬಂದವು. ಈ ಸಲ ಗೆದ್ದೆನೆಂದು ತೋರಿಸಿದೆ.

ಅಜ್ಜಿ ನೋಡಿದರು. "ನಾನೇನೋ ಇದ್ದೀನಿ ಕಣಪ್ಪಾ. ಹೂವೇ ಕಾಣ್ತಿಲ್ವಲ್ಲ" ಎಂದರು.

ಮೊಳ ಹಾಕಿಟ್ಟಿದ್ದ ಮಲ್ಲಿಗೆಯೆಲ್ಲ ಬುಟ್ಟಿಯ ನೆರಳಿನಲ್ಲಿ ಮುಳುಗಿತ್ತು. ಯಾರು ಕಾಣಬೇಕೆಂದು ನಾನು ನಿರ್ಧರಿಸಿದ್ದೆ. ಏನು ಕಾಣಬೇಕೆಂದು ಅವರನ್ನು ಕೇಳಿರಲಿಲ್ಲ.